ಚಾರ್ಜ್‌ಶೀಟ್ ನಕಲು: ಪುಟ ಎಣಿಸಿದ ಮೇಲೆ ಸಹಿ

ಹೊಸನಗರದ ಹಳ್ಳಿಯಿಂದ ಮಳೆಯಲ್ಲಿ ಬಸ್ಸು ಹಿಡಿದು ಕೋರ್ಟಿಗೆ ಬಂದರೆ ‘ನಕಲು ಇನ್ನೂ ರೆಡಿಯಿಲ್ಲ’ ಎಂದು ಮತ್ತೊಂದು ತಾರೀಖು. ಎಷ್ಟೋ ಕೇಸು ಎಳೆಯತೊಡಗುವುದು ಇಲ್ಲಿಂದಲೇ.

2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲು ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 230ರ ಪ್ರಕಾರ, ಆರೋಪಿ ಹಾಜರಾದ 14 ದಿನದೊಳಗೆ ನಕಲು ಕೊಡಬೇಕು. ದುಡ್ಡು ಕಟ್ಟುವಂತಿಲ್ಲ. ಚಾರ್ಜ್‌ಶೀಟ್ (ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ವರದಿ), ಎಫ್‌ಐಆರ್, ಪೊಲೀಸರು ಬರೆದುಕೊಂಡ ಸಾಕ್ಷಿ ಹೇಳಿಕೆ, ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ಜೊತೆಗಿಟ್ಟ ದಾಖಲೆ ಎಲ್ಲವೂ ಅದರಲ್ಲಿರಬೇಕು.

ಕಟ್ಟು ಕೈಗೆ ಬಂದ ಕೂಡಲೇ ‘ನಕಲು ಪಡೆದೆ’ ಎಂದು ಸಹಿ ಹಾಕಬೇಡಿ. ಚಾರ್ಜ್‌ಶೀಟಿನಲ್ಲಿರುವ ದಾಖಲೆ ಪಟ್ಟಿ ಮುಂದಿಟ್ಟುಕೊಂಡು ಒಂದೊಂದೇ ಟಿಕ್ ಮಾಡಿ. ಅಡಿಕೆ ಕಳವಿನ ಕೇಸು ಎನ್ನಿ: ಮಾಲು ವಶಪಡಿಸಿಕೊಂಡಾಗ ಬರೆಯುವ ಜಪ್ತಿ ಮಹಜರಿನಲ್ಲಿ ಮೂಟೆಗಳ ಸಂಖ್ಯೆ, ತೂಕ, ಸಮಯ ಇರುತ್ತದೆ, ಅದಕ್ಕೆ ಸಾಕ್ಷಿಯಾಗಿ ನಿಂತ ಪಂಚರ ಸಹಿ ಕೊನೆಯ ಪುಟದ ತಳದಲ್ಲಿ. ಜೆರಾಕ್ಸ್ ಹೊಡೆಯುವಾಗ ಕತ್ತರಿಸಿ ಹೋಗುವುದು ಆ ತಳವೇ. ಕಾರ್ಬನ್ ಪ್ರತಿಯ ಜೆರಾಕ್ಸ್ ಆದರಂತೂ ತೂಕದ 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ಸಿಸಿಟಿವಿ ಪೆನ್‌ಡ್ರೈವ್ ಕೊಟ್ಟಿದ್ದರೆ ವಕೀಲರ ಲ್ಯಾಪ್‌ಟಾಪಿನಲ್ಲಿ ಅಂದೇ ತೆರೆದು ನೋಡಿ.

ಸಹಿಗೆ ಇಷ್ಟು ಜಾಗ್ರತೆ ಏಕೆಂದರೆ, ಮ್ಯಾಜಿಸ್ಟ್ರೇಟ್ ಕೋರ್ಟಿನ ವಾರಂಟ್ ಕೇಸಿನಲ್ಲಿ (ಎರಡು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಕೇಸು) ಆರೋಪ ಹೊರಿಸುವ ಮೊದಲೇ ಕೇಸಿನಿಂದ ಬಿಡುಗಡೆ ಕೋರುವ ಅರ್ಜಿಗೆ 60 ದಿನದ ಗಡುವು ಎಣಿಸುವುದು ನಕಲು ಕೊಟ್ಟ ದಿನದಿಂದ. ಅರೆಬರೆ ಕಟ್ಟಿಗೆ ಸಹಿ ಹಾಕಿದರೆ ಆ ದಿನಗಳು ಸುಮ್ಮನೆ ಸವೆಯುತ್ತವೆ.

ಏನಾದರೂ ಕೊರತೆ ಕಂಡರೆ ಬಾಯಿಮಾತು ಸಾಲದು. ‘ದಾಖಲೆ ಪಟ್ಟಿ ಕ್ರಮಸಂಖ್ಯೆ 7, ಪುಟ 2 ಇಲ್ಲ’ ಎಂದು ಬಿಡಿಸಿ ಬರೆದ ಅರ್ಜಿ ಕೊಡಿ, ಪ್ರತಿ ತಾರೀಖಿನ ನಡಾವಳಿ ಬರೆಯುವ ಕೋರ್ಟಿನ ಆರ್ಡರ್‌ಶೀಟಿನಲ್ಲಿ ಅದು ದಾಖಲಾಗುವಂತೆ ಕೇಳಿ. ಇಲ್ಲವಾದರೆ ಮುಂದೆ ‘ಆರೋಪಿಯೇ ತಡ ಮಾಡಿದ’ ಎಂದಾಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ದಾಖಲೆ ತೀರಾ ದೊಡ್ಡದಿದ್ದರೆ ನಕಲಿನ ಬದಲು ಎಲೆಕ್ಟ್ರಾನಿಕ್ ಪ್ರತಿ ಕೊಡಬಹುದು, ಇಲ್ಲವೇ ಕೋರ್ಟಿನಲ್ಲೇ ನೋಡಲು ಬಿಡಬಹುದು.

ಪೊಲೀಸರು ಸಂಗ್ರಹಿಸಿ ಕೇಸಿಗೆ ಬಳಸದ ದಾಖಲೆಗಳೂ ಇರುತ್ತವೆ. ಅವುಗಳ ಪಟ್ಟಿಯನ್ನು ಆರೋಪಿಗೆ ಕೊಡಬೇಕೆಂದು 2022ರಲ್ಲಿ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಟ್ಟಿ ಕೇಳಿ ಪಡೆಯಿರಿ. ಬೇಕಾದ ದಾಖಲೆ ತರಿಸಲು ಅದೇ ಸಂಹಿತೆಯ ಕಲಂ 94ರಡಿ ಅರ್ಜಿ ಹಾಕಬಹುದು.

ಆರೋಪಿ ಜೈಲಿನಲ್ಲಿದ್ದರೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.