ವೀಸಾ ಸಿಗುತ್ತಿತ್ತು, ಅತ್ತೆಯನ್ನು ಕರೆದೊಯ್ಯಲಿಲ್ಲ

2021ರ ಅಕ್ಟೋಬರಿನಲ್ಲಿ ಗಂಡ ಶಾರ್ಜಾದಿಂದ ಫೋನ್ ಮಾಡಿ, "ಸಂದರ್ಶಕ ವೀಸಾ ಮತ್ತೆ ಕೊಡುತ್ತಿದ್ದಾರೆ, ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಬಾ" ಎಂದರು. ಅವರು ಊರಿಗೆ ಬಾರದೆ ಎರಡು ವರ್ಷವಾಗಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ನಮ್ಮ ಮನೆಯಲ್ಲಿ ಅಂದು ಹಬ್ಬದ ಸಂಭ್ರಮ. ನನಗೆ ಮಾತ್ರ ಕೇರಳ-ಕರ್ನಾಟಕ ಗಡಿಯ ತಲಪಾಡಿ ನೆನಪಾಯಿತು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಅಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ನಮ್ಮ ಜಿಲ್ಲೆಯ ಹಲವರು ತೀರಿಕೊಂಡಿದ್ದರು. ಯುಎಇ 2021ರ ಏಪ್ರಿಲಿನಲ್ಲಿ ಭಾರತದವರಿಗೆ ಬಾಗಿಲು ಹಾಕಿದಾಗ ರಜೆಗೆ ಬಂದ ನೆರೆಕರೆಯವರು ತಿಂಗಳುಗಟ್ಟಲೆ ಇಲ್ಲೇ ಉಳಿದಿದ್ದರು. ಕಾಯಿಲೆ ಬಿದ್ದಾಗಲೇ ದಾರಿಯೂ ಮುಚ್ಚಿದರೆ ಯಾರು ಎಲ್ಲಿ ಸಿಕ್ಕಿಕೊಳ್ಳುತ್ತೇವೆ? ನಾನು ಅಲ್ಲಿಂದಲೇ ಯೋಚಿಸತೊಡಗಿದೆ.

ಒಂದು ನೋಟ್‌ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ ಮಾಡಿದೆ. ನನ್ನ ಪುಟ, ಎಂಟು ವರ್ಷದ ಮಗಳ ಪುಟ ಬೇಗ ಮುಗಿದವು. ನನಗೆ ಎರಡು ಡೋಸ್ ಕೋವಿಶೀಲ್ಡ್ ಆಗಿತ್ತು. ಅವಳಿಗೆ ಲಸಿಕೆಯ ವಯಸ್ಸಾಗಿರಲಿಲ್ಲ, ಆದರೆ ಬೇರೆ ಕಾಯಿಲೆಯೂ ಇರಲಿಲ್ಲ.

ಅತ್ತೆಯ ಪುಟ ತುಂಬುತ್ತಲೇ ಹೋಯಿತು. ಅರವತ್ತೆಂಟು ವರ್ಷ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್, ಹೃದಯದ ರಕ್ತನಾಳ ತೆರೆದಿಡಲು ಹಾಕಿದ ಸ್ಟೆಂಟ್. ಇನ್ಸುಲಿನ್ ಸಾಗಿಸುವುದು ಕಷ್ಟವಲ್ಲ, ಕೈಚೀಲದಲ್ಲಿ ಇಟ್ಟುಕೊಂಡರೆ ಆಯಿತು. ಸಾಮಾನಿನ ಜೊತೆ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು. ಗಂಡನಿಗೆ ರಾತ್ರಿ ಪಾಳಿ. ಆ ಹೊತ್ತಿನಲ್ಲಿ ಅತ್ತೆಗೆ ಉಸಿರು ಕಟ್ಟಿದರೆ ಗುರುತಿಲ್ಲದ ಊರಲ್ಲಿ ಆಸ್ಪತ್ರೆಗೆ ಒಯ್ಯುವವಳು ನಾನೊಬ್ಬಳೇ, ಜೊತೆಯಲ್ಲಿ ಮಗಳು. ನಾವು ವಿಚಾರಿಸಿದ ವಿಮೆ ಹಳೆಯ ಕಾಯಿಲೆಗಳ ಖರ್ಚು ಕೊಡುವುದಿಲ್ಲ ಎಂದಿತು.

ಅತ್ತೆ ಹಾಕಿಸಿಕೊಂಡ ಲಸಿಕೆ ಕೋವ್ಯಾಕ್ಸಿನ್. ನವೆಂಬರ್ 3ರಂದು ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮಾನ್ಯತೆ ಕೊಟ್ಟಾಗ ಮನೆಯವರೆಲ್ಲ "ಇನ್ನೇನು ಅಡ್ಡಿ?" ಎಂದರು. ಆ ಮಾನ್ಯತೆಯಿಂದ ಅತ್ತೆಯ ಸ್ಟೆಂಟ್ ಬದಲಾಗುವುದಿಲ್ಲ ಎಂದು ನಾನು ಹಟ ಹಿಡಿದೆ. ಅತ್ತೆ ಕೈಯಲ್ಲಿದ್ದ ಹರಿವೆ ಸೊಪ್ಪನ್ನು ಮೊರಕ್ಕೆ ಹಾಕಿ, "ಮಗನ ಮುಖ ನೋಡದೆ ನಾನು ಸತ್ತರೆ, ಅದನ್ನು ಯಾವ ಪುಟದಲ್ಲಿ ಬರೆಯುತ್ತೀ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರನ್ನು ಬದಿಯಡ್ಕದಲ್ಲಿ ನಾದಿನಿಯ ಮನೆಗೆ ಬಿಟ್ಟು ಹೊರಟೆವು.

ನಾನು ಲ್ಯಾಬ್ ಟೆಕ್ನಿಷಿಯನ್. ಸೋಂಕು ತಗಲಿದ ಮೊದಲ ಒಂದೆರಡು ದಿನ ಪರೀಕ್ಷೆಯಲ್ಲಿ ಏನೂ ಕಾಣದಿರಬಹುದು ಎಂದು ಗೊತ್ತು. ಹಾಗಾಗಿ ಹೊರಡುವ ಮೊದಲು ಹತ್ತು ದಿನ ರಜೆ ಹಾಕಿದೆ, ಮದುವೆ, ಭೂತಕೋಲ ಎಲ್ಲ ಬಿಟ್ಟೆವು. ವಿಮಾನಕ್ಕೆಂದು ಮಾಡಿಸಿದ ಆರ್‌ಟಿ-ಪಿಸಿಆರ್ ಎಂಬ ಕೋವಿಡ್ ಪರೀಕ್ಷೆಯ ವರದಿಯನ್ನು ತಲಪಾಡಿಯಲ್ಲೂ ತೋರಿಸಬೇಕಾಯಿತು. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಪರೀಕ್ಷೆ. ಅಲ್ಲಿ ನಾನು ಪಾಸಿಟಿವ್ ಆದರೆ ಮಗುವನ್ನು ಕರೆದೊಯ್ಯಲೆಂದು, ನಾವು ವಿಮಾನ ಹತ್ತುವವರೆಗೆ ಅಣ್ಣ ಹೊರಗೆ ಕಾರಿನಲ್ಲೇ ಕಾದ. ವಿಮಾನದೊಳಗಿನ ಗಾಳಿ ಸೋಸಿ ಬರುತ್ತದೆ. ನನಗೆ ಹೆದರಿಕೆಯಿದ್ದದ್ದು ಸರತಿ ಸಾಲು, ಊಟದ ಹೊತ್ತು. ಎಲ್ಲರೂ ಮಾಸ್ಕ್ ತೆಗೆದಾಗ ನಾವು ತೆಗೆಯಲಿಲ್ಲ. ಅವರ ಊಟ ಮುಗಿದ ಮೇಲೆ ಮಗಳಿಗೆ ಅವಲಕ್ಕಿ ಕೊಟ್ಟೆ.

ಶಾರ್ಜಾದಲ್ಲಿದ್ದಾಗಲೇ, ನವೆಂಬರ್ 26ರಂದು, ಕೋವಿಡ್‌ನ ಹೊಸ ತಳಿ ಒಮಿಕ್ರಾನ್‌ನ ಹೆಸರು ಕೇಳಿತು. ಉಳಿದ ವಾರವನ್ನು ಬಿಟ್ಟು ಟಿಕೆಟ್ ಮುಂಚಿತಗೊಳಿಸಿ ಬಂದೆವು. ಹತ್ತು ದಿನ ಬದಿಯಡ್ಕಕ್ಕೆ ಹೋಗಲಿಲ್ಲ. ಹನ್ನೊಂದನೆಯ ದಿನ ಮಗಳು ಅಂಗಳದಿಂದಲೇ "ಅಜ್ಜೀ" ಎಂದು ಕೂಗಿದಾಗ ಅತ್ತೆ ಜಗಲಿಯಿಂದ ಇಳಿದು ಬಂದು ಅವಳನ್ನು ಎತ್ತಿಕೊಂಡರು. ನನ್ನೊಡನೆ ಮಾತಾಡಲಿಲ್ಲ.

2022ರ ವಿಷು ಹಬ್ಬಕ್ಕೆ ಗಂಡ ಊರಿಗೆ ಬಂದರು. ಅಂದು ಶುಭವೆಂದು ಇಟ್ಟ ಕಣಿ ನೋಡಿದ ಮೇಲೆ ಅತ್ತೆ ಪಾಯಸದ ಮೊದಲ ಲೋಟವನ್ನು ನನ್ನ ಕೈಗೆ ಕೊಟ್ಟರು.