ಗೇಮ್ ಎಂಜಿನ್ ಆರಿಸುವ ಮೊದಲು ಒಂದು ಪುಟದ ಲೆಕ್ಕ

ಹೋದ ವರ್ಷ ಒಂದು ಬಿಲ್ಡರ್ ಕಂಪನಿಗೆ ಆ್ಯಪ್ ಮಾಡಿಕೊಡಲು ಒಪ್ಪಿಕೊಂಡೆ. ಕಟ್ಟುತ್ತಿರುವ ಫ್ಲ್ಯಾಟನ್ನು ಫೋನಿನಲ್ಲೇ ಸುತ್ತಿ ನೋಡುವಂಥದ್ದು. ಮಾತಾಡಿದ್ದು ಮೂರೂವರೆ ಲಕ್ಷಕ್ಕೆ. ಕೆಲಸಕ್ಕೆ ನಾನು ಮತ್ತು ನನ್ನ ತಮ್ಮ, ಇಬ್ಬರೇ. ಆಫೀಸು ಅಂದರೆ ಮೈಸೂರಿನ ನಮ್ಮ ಮನೆಯ ಮಹಡಿ ಮೇಲಿನ ರೂಮು. ಗೇಮ್ ಎಂಜಿನ್ ಅಂದರೆ ಗೇಮು, ಇಂಥ 3ಡಿ ಆ್ಯಪು ಕಟ್ಟಲು ಬಳಸುವ ಸಾಫ್ಟ್‌ವೇರ್, ಯೂನಿಟಿ ಅಂಥದ್ದೊಂದು. ಅದರ ಉಚಿತ ಪರ್ಸನಲ್ ಪ್ಲಾನ್ ಇದ್ದೇ ಇದೆ, ಇನ್ನೇನು ಖರ್ಚು ಅಂದುಕೊಂಡಿದ್ದೆ.

ಸಹಿ ಹಾಕಿ ಬಂದ ಮೇಲೆ, ರಾತ್ರಿ ಕೂತು ಯೂನಿಟಿಯ ಷರತ್ತು ಓದಿದೆ. ಬೇರೆಯವರಿಗೆ ಕೆಲಸ ಮಾಡಿಕೊಡುವಾಗ ನಮ್ಮ ಆದಾಯ ಎಷ್ಟು ಅಂತ ನೋಡುವುದಿಲ್ಲ, ಗಿರಾಕಿಯ ವಹಿವಾಟು ನೋಡುತ್ತಾರೆ. ಇವರು ಚಿಕ್ಕ ಬಿಲ್ಡರ್, ಆದರೂ ವಹಿವಾಟು ಕೆಲವು ಕೋಟಿ, ಉಚಿತ ಪ್ಲಾನಿನ ಮಿತಿಗಿಂತ ಜಾಸ್ತಿ. ಅಂದರೆ ಪ್ರೋ ಪ್ಲಾನ್ ಬೇಕು. 2025ರ ದರದಲ್ಲಿ ತಲೆಗೆ ವರ್ಷಕ್ಕೆ 2,200 ಡಾಲರ್. ಇಬ್ಬರಿಗೆ ಸುಮಾರು ನಾಲ್ಕು ಲಕ್ಷ ರೂಪಾಯಿ, ಮೇಲೆ ಜಿಎಸ್‌ಟಿ ಬೇರೆ. ಮೂರೂವರೆ ಲಕ್ಷದ ಕೆಲಸಕ್ಕೆ!

ಹೇಗೋ ದಡ ಸೇರಿದೆವು. ತಮ್ಮ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರಿನಲ್ಲಿ ಮಾಡೆಲ್ ಮಾತ್ರ ಮಾಡಿಕೊಟ್ಟ, ಯೂನಿಟಿ ತೆರೆಯಲೇ ಇಲ್ಲ. ಒಂದೇ ಸೀಟು, ಅಂದರೆ ಒಬ್ಬರ ಲೈಸೆನ್ಸು, ಸಾಕಾಯಿತು. ಗಿರಾಕಿಯ ಕೈಕಾಲು ಹಿಡಿದು ಅದರ ಅರ್ಧ ದುಡ್ಡು ಹಾಕಿಸಿಕೊಂಡೆ. ತಪ್ಪು ನನ್ನದೇ. ಅವತ್ತಿನಿಂದ ಯಾವ ಎಂಜಿನ್ ಆದರೂ ಮೊದಲು ಒಂದು ಪುಟದ ಲೆಕ್ಕ ಬರೆಯುತ್ತೇನೆ. ಆ ಲೆಕ್ಕ ಹೀಗಿರುತ್ತದೆ. ಸುಲಭವಾಗಲಿ ಅಂತ ಡಾಲರಿಗೆ 90 ರೂಪಾಯಿ ಹಿಡಿದಿದ್ದೇನೆ.

ಪುಟದ ಮೇಲುಗಡೆ ಬರೆಯುವುದು ಬೆಲೆ ಅಲ್ಲ. ದುಡ್ಡು ಯಾವುದರ ಮೇಲೆ ಬೀಳುತ್ತದೆ ಅಂತ ಬರೆಯಿರಿ. ತಲೆ ಎಣಿಸುತ್ತಾರಾ, ಮಾರಾಟ ಎಣಿಸುತ್ತಾರಾ, ಒಂದೇ ಸಲ ಕೊಟ್ಟು ಮುಗಿಯುತ್ತದಾ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಯೂನಿಟಿ ತಲೆ ಎಣಿಸುತ್ತದೆ. ಹಿಂದಿನ 12 ತಿಂಗಳಲ್ಲಿ ನಿಮ್ಮ ಆದಾಯ 2 ಲಕ್ಷ ಡಾಲರ್, ಅಂದರೆ 1.8 ಕೋಟಿ ರೂಪಾಯಿ ದಾಟದಿದ್ದರೆ ಪರ್ಸನಲ್ ಉಚಿತ. ದಾಟಿದರೆ ಎಡಿಟರ್ (ಯೂನಿಟಿಯಲ್ಲಿ ಗೇಮ್ ಕಟ್ಟುವ ಸಾಫ್ಟ್‌ವೇರ್) ಬಳಸುವ ಪ್ರತಿಯೊಬ್ಬರಿಗೂ ಪ್ರೋ. ಇಲ್ಲಿ ಜನ ಎಡವುವುದು ಒಂದು ಕಡೆ: ಹೂಡಿಕೆದಾರರು ಕೊಟ್ಟ ದುಡ್ಡೂ ಈ 2 ಲಕ್ಷದಲ್ಲಿ ಸೇರುತ್ತದೆ. ಒಂದು ಕಾಪಿ ಮಾರುವ ಮೊದಲೇ ನೀವು ಗೆರೆ ದಾಟಿರಬಹುದು.

ಎಪಿಕ್ ಕಂಪನಿಯ ಅನ್‌ರಿಯಲ್ ಮಾರಾಟ ಎಣಿಸುತ್ತದೆ. ಒಂದು ಗೇಮ್ ಹುಟ್ಟಿದಾಗಿನಿಂದ ಒಟ್ಟು 10 ಲಕ್ಷ ಡಾಲರ್, ಅಂದರೆ 9 ಕೋಟಿ ದುಡಿಯುವ ತನಕ ಏನೂ ಇಲ್ಲ. ಆಮೇಲೆ ಬಂದದ್ದಕ್ಕೆ ಮಾತ್ರ ಶೇ. 5. ಎರಡು ಗೇಮ್ ಇದ್ದರೆ ಎರಡಕ್ಕೂ ಬೇರೆ ಬೇರೆ 10 ಲಕ್ಷ. ಕೇಳಲು ಚೆನ್ನಾಗಿದೆ. ಆದರೆ ಆ ಶೇ. 5 ಲೆಕ್ಕ ಹಾಕುವುದು ಗ್ರಾಹಕ ಕೊಟ್ಟ ಪೂರ್ತಿ ದುಡ್ಡಿನ ಮೇಲೆ, ನಿಮ್ಮ ಕೈಗೆ ಬಂದದ್ದರ ಮೇಲಲ್ಲ. 100 ರೂಪಾಯಿಯಲ್ಲಿ ಸ್ಟೀಮ್ (ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ) 30 ಹಿಡಿದುಕೊಳ್ಳುತ್ತದೆ. ಉಳಿದ 70ರಲ್ಲಿ 5 ಎಪಿಕ್‌ಗೆ. ಅಂದರೆ ನಿಮ್ಮ ಜೇಬಿನ ಲೆಕ್ಕದಲ್ಲಿ ಅದು ಶೇ. 7ಕ್ಕಿಂತ ಜಾಸ್ತಿ. ಎಪಿಕ್‌ನ ಸ್ವಂತ ಅಂಗಡಿಯಲ್ಲಿ ಮಾರಿದ್ದಕ್ಕೆ ರಾಯಲ್ಟಿ ಇಲ್ಲ. 2025ರಿಂದ, ಬೇರೆ ಅಂಗಡಿಗಳಲ್ಲಿ ಬಿಡುವ ದಿನವೇ ಅಲ್ಲಿಯೂ ಗೇಮ್ ಬಿಟ್ಟರೆ ಮಿಕ್ಕ ಕಡೆಯ ಮಾರಾಟಕ್ಕೂ ಶೇ. 3.5 ಸಾಕು.

ಗೇಮ್‌ಮೇಕರ್ ಹಳೇ ಕಾಲದ ಅಂಗಡಿ ಥರ. ಕಲಿಯಲು, ಸುಮ್ನೆ ಹಂಚಲು ಉಚಿತ. ದುಡ್ಡಿಗೆ ಮಾರಬೇಕೆಂದರೆ ಒಮ್ಮೆ 99.99 ಡಾಲರ್, ಸುಮಾರು 9,000 ರೂಪಾಯಿ. ಪ್ಲೇಸ್ಟೇಷನ್‌ನಂಥ ಕನ್ಸೋಲ್‌ಗೆ ಬಿಡಬೇಕೆಂದರೆ ಮಾತ್ರ ವರ್ಷಕ್ಕೆ 799.99 ಡಾಲರಿನ ಪ್ಲಾನ್.

ಗೊಡೊ ಎಂಐಟಿ ಅನ್ನುವ ಮುಕ್ತ ಲೈಸೆನ್ಸಿನದು. ಎಷ್ಟೇ ದುಡಿದರೂ ಸೊನ್ನೆ. ಗೇಮಿನ ಒಳಗೆ ಎಲ್ಲಾದರೂ, ಕ್ರೆಡಿಟ್ಸ್‌ನಲ್ಲೋ ಮತ್ತೆಲ್ಲೋ, ಆ ಲೈಸೆನ್ಸಿನ ಪಠ್ಯ ಹಾಕಬೇಕು. ಅಷ್ಟೇ. ಕನ್ಸೋಲ್‌ಗೆ ಹೋಗುವಾಗ ಮಾತ್ರ ಕೈ ಕಚ್ಚುತ್ತದೆ. ಕನ್ಸೋಲ್ ಕಂಪನಿಗಳ ಕೋಡ್ ಗುಟ್ಟಿನದು, ಎಲ್ಲರಿಗೂ ತೆರೆದಿರುವ ಓಪನ್ ಸೋರ್ಸ್ ಕೋಡಿನಲ್ಲಿ ಸೇರಿಸುವಂತಿಲ್ಲ. ಗೇಮನ್ನು ಕನ್ಸೋಲ್‌ಗೆ ಹೊಂದಿಸುವ ಆ ಪೋರ್ಟ್ ಕೆಲಸವನ್ನು ಸಾಮಾನ್ಯವಾಗಿ ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಿಕೊಳ್ಳಬೇಕಾಗುತ್ತದೆ.

ಈಗ ಪುಟದ ಮಧ್ಯಕ್ಕೆ ಬನ್ನಿ. ಇಲ್ಲಿ ನಿಮ್ಮ ಕನಸಿನ ಗಳಿಕೆ ಬರೆಯಬೇಡಿ, ಪ್ಲೀಸ್. ಮೂರು ಸಂಖ್ಯೆ ಬರೆಯಿರಿ: ಸಾಧಾರಣವಾಗಿ ಓಡಿದರೆ, ಚೆನ್ನಾಗಿ ಓಡಿದರೆ, ಹುಚ್ಚಾಪಟ್ಟೆ ಓಡಿದರೆ.

ಸಾಧಾರಣ ಅಂದರೆ ಸ್ಟೀಮ್‌ನಲ್ಲಿ ಒಟ್ಟು 50,000 ಡಾಲರ್, 45 ಲಕ್ಷ ಅನ್ನಿ. (ನಮ್ಮಂಥವರಿಗೆ ಇದೇ ದೊಡ್ಡ ಹಬ್ಬ.) ಯೂನಿಟಿ ಸೊನ್ನೆ, ಅನ್‌ರಿಯಲ್ ಸೊನ್ನೆ, ಗೊಡೊ ಸೊನ್ನೆ, ಗೇಮ್‌ಮೇಕರ್ 9,000. ಅದೇ ಗೇಮಿಗೆ ಸ್ಟೀಮ್ ಹಿಡಿದುಕೊಳ್ಳುವುದು 13.5 ಲಕ್ಷ. ಎಂಜಿನ್ ಬಗ್ಗೆ ತಿಂಗಳುಗಟ್ಟಲೆ ಜಗಳ ಆಡುವವರು ಈ ಸಾಲನ್ನು ಒಮ್ಮೆ ನೋಡಬೇಕು.

ಚೆನ್ನಾಗಿ ಓಡಿ ವರ್ಷಕ್ಕೆ 3 ಲಕ್ಷ ಡಾಲರ್ ಬಂತು ಅಂದುಕೊಳ್ಳಿ. ಇಲ್ಲಿ ನಿಮ್ಮ ಜೊತೆ ಎಷ್ಟು ಜನ ಇದ್ದಾರೆ ಅನ್ನುವುದೇ ಮುಖ್ಯ. ಇಬ್ಬರೇ ಆದರೆ ಯೂನಿಟಿಗೆ ಸುಮಾರು 4 ಲಕ್ಷ ರೂಪಾಯಿ, ಹೋಗಲಿ ಬಿಡಿ ಅನ್ನಬಹುದು. ಹತ್ತು ಜನ ಆದರೆ ಅದೇ 2025ರ ದರದಲ್ಲಿ 22,000 ಡಾಲರ್, ಹತ್ತಿರ ಹತ್ತಿರ 20 ಲಕ್ಷ, ಅದೂ ಪ್ರತಿ ವರ್ಷ. ಅನ್‌ರಿಯಲ್‌ಗೆ ಇನ್ನೂ ಸೊನ್ನೆಯೇ.

ಹುಚ್ಚಾಪಟ್ಟೆ ಓಡಿ 15 ಲಕ್ಷ ಡಾಲರ್ ಮುಟ್ಟಿದರೆ ಲೆಕ್ಕ ತಲೆಕೆಳಗು. ಅನ್‌ರಿಯಲ್‌ಗೆ ಮೇಲಿನ 5 ಲಕ್ಷದ ಮೇಲೆ 25,000 ಡಾಲರ್, 22.5 ಲಕ್ಷ ರೂಪಾಯಿ. ಯೂನಿಟಿಯಲ್ಲಿ ಇಬ್ಬರಿಗೆ ಅದೇ 4 ಲಕ್ಷ. ಅಂದರೆ ಜನ ಕಡಿಮೆ, ಮಾರಾಟ ಜಾಸ್ತಿ ಇದ್ದರೆ ಯೂನಿಟಿ ಅಗ್ಗ. ಜನ ಜಾಸ್ತಿ, ಮಾರಾಟ ನಿಧಾನ ಇದ್ದರೆ ಅನ್‌ರಿಯಲ್ ಅಗ್ಗ.

ಪುಟದ ಕೆಳಗೆ, ಲೈಸೆನ್ಸಿನಲ್ಲಿ ಕಾಣದ ಖರ್ಚು ಬರೆಯಿರಿ. ನನಗೆ ಅದು ಕನ್ನಡ ಅಕ್ಷರವೇ ಆಗಿತ್ತು. ನಾವೀಗ ಮಾಡುತ್ತಿರುವುದು ಅಳಗುಳಿಮಣೆ. ಹದಿನಾಲ್ಕು ಗುಳಿ, ಹುಣಸೆ ಬೀಜ, ಅಜ್ಜಿಯ ನಿಯಮಗಳು. ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೋದಲ್ಲಿ 'ಅಜ್ಜಿ' ಅಂತ ಬರೆದರೆ ಒತ್ತಕ್ಷರ ಕೆಳಗೆ ಕೂರದೆ ಬಿಡಿಬಿಡಿಯಾಗಿ ನಿಂತಿತು. ಸರಿಮಾಡಲು ಪ್ಲಗಿನ್ ಹುಡುಕಬೇಕು, ಇಲ್ಲವೇ ಪ್ರತಿ ಪದವನ್ನೂ ಚಿತ್ರವಾಗಿ ಹಾಕಬೇಕು. ಒಂದು ವಾರ ಒದ್ದಾಡಿದೆ. ಗೊಡೊ 4ರಲ್ಲಿ ಅದೇ ಪದ ಮೊದಲ ಸಲವೇ ಸರಿಯಾಗಿ ಬಂತು. ಆ ಒಂದು ವಾರವನ್ನು ದುಡ್ಡಿಗೆ ಹಾಕಿ ನೋಡಿ, ಗೇಮ್‌ಮೇಕರ್ ಲೈಸೆನ್ಸಿಗಿಂತ ಜಾಸ್ತಿಯೇ ಆಗುತ್ತದೆ ಅಲ್ವಾ? ಹಾಗಾಗಿ ಎಂಜಿನ್ ಯಾವುದೇ ಇರಲಿ, ಮೊದಲ ದಿನವೇ ಒಂದು ಕನ್ನಡ ಸಾಲು ಹಾಕಿ ನೋಡಿ. 'ರಾಷ್ಟ್ರ' ಸರಿಯಾಗಿ ಬಂದರೆ ಮುಂದುವರಿಯಿರಿ.

ಅಂಗಡಿಗಳ ಪ್ರವೇಶ ಶುಲ್ಕವೂ ಇಲ್ಲೇ ಬರಲಿ. ಸ್ಟೀಮ್‌ಗೆ ಗೇಮಿಗೆ 100 ಡಾಲರ್, 1,000 ಡಾಲರ್ ಮಾರಿದ ಮೇಲೆ ಅದು ವಾಪಸ್. ಪ್ಲೇ ಸ್ಟೋರ್‌ಗೆ ಒಮ್ಮೆ 25. ಆ್ಯಪಲ್‌ಗೆ ವರ್ಷಕ್ಕೆ 99. ಸ್ಟೀಮ್‌ನಲ್ಲಿ ಟ್ಯಾಕ್ಸ್ ಫಾರ್ಮ್ ತುಂಬುವಾಗ ಪ್ಯಾನ್ ನಂಬರ್ ಹಾಕಿ ಭಾರತ–ಅಮೆರಿಕ ತೆರಿಗೆ ಒಪ್ಪಂದ ಆರಿಸಿಕೊಳ್ಳಿ. ಇಲ್ಲದಿದ್ದರೆ ಅಮೆರಿಕದಲ್ಲಿ ಮಾರಿದ್ದಕ್ಕೆ ಶೇ. 15ರ ಬದಲು ಶೇ. 30 ಕಡಿತ.

ಕೊನೆಯದು, ಷರತ್ತಿನ ಪ್ರತಿ. 2023ರ ಸೆಪ್ಟೆಂಬರ್ 12ರಂದು ಯೂನಿಟಿ, ಒಂದು ಮಿತಿ ದಾಟಿದ ಗೇಮುಗಳಿಗೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಹಾಕುತ್ತೇನೆ ಅಂದಿತು, ಗರಿಷ್ಠ 20 ಸೆಂಟ್ಸ್. ಅಂದರೆ 18 ರೂಪಾಯಿ. ಉಚಿತ ಫೋನ್ ಗೇಮ್ ಹಾಕಿಕೊಂಡ ಒಬ್ಬೊಬ್ಬರಿಂದ ಜಾಹೀರಾತಿನಲ್ಲಿ ಅಷ್ಟು ಹುಟ್ಟುವುದೇ ಕಷ್ಟ. ಗಲಾಟೆ ಆಯಿತು. ಹತ್ತು ದಿನದಲ್ಲಿ ಸಡಿಲ ಮಾಡಿದರು, ಸರಿಯಾಗಿ ವರ್ಷದ ಮೇಲೆ, 2024ರ ಸೆಪ್ಟೆಂಬರ್ 12ಕ್ಕೆ, ಪೂರ್ತಿ ಕೈಬಿಟ್ಟರು. ಆ ಹತ್ತು ದಿನ ನಾವಿಬ್ಬರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಈಗ ಪ್ರಾಜೆಕ್ಟ್ ಶುರು ಮಾಡುವ ದಿನ ಎಂಜಿನ್ನಿನ ಆವೃತ್ತಿಯ ಸಂಖ್ಯೆ ಬರೆದು, ಆ ದಿನದ ಷರತ್ತನ್ನು ಪಿಡಿಎಫ್ ಮಾಡಿ, ಕೋಡ್ ಇರುವ ಫೋಲ್ಡರಿನಲ್ಲೇ ಇಡುತ್ತೇನೆ. ಬಿಲ್ಡರ್ ಕೆಲಸದ ವೇಳೆಯ ಯೂನಿಟಿ ಷರತ್ತೂ ಅಲ್ಲೇ ಇದೆ, ಗಿರಾಕಿಯ ವಹಿವಾಟಿನ ಸಾಲಿಗೆ ಹಳದಿ ಬಣ್ಣ ಬಳಿದು.