ಫಾರ್ಮ್ಯಾಟ್ ಆದ ಕಂಪ್ಯೂಟರ್‌ನಲ್ಲಿ ಹಳೆಯ ವರ್ಚುಯಲ್ ಮಷೀನನ್ನು ಮರಳಿ ಪಡೆಯುವ ಬಗೆ

ಕನ್ನಡಕ್ಕೆ ಯುನಿಕೋಡ್ ಬಳಕೆ ವ್ಯಾಪಕವಾಗುವ ಮುಂಚಿನ ‘ನುಡಿ’ ಫಾಂಟ್‌ಗಳಲ್ಲಿ ಟೈಪ್ ಮಾಡಿ, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ ಪುಸ್ತಕಗಳನ್ನು ಇಂದಿಗೂ ತೆರೆದು ತಿದ್ದಬೇಕಾದ ಡಿಟಿಪಿ ಕೇಂದ್ರಗಳು ಬೆಂಗಳೂರಿನಲ್ಲಿವೆ. ಇಂಥ ಕೆಲಸಕ್ಕೆಂದೇ, ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರನ್ನು (ವರ್ಚುಯಲ್ ಮಷೀನ್) ನಡೆಸುವ ವರ್ಚುಯಲ್‌ಬಾಕ್ಸ್ ತಂತ್ರಾಂಶದೊಳಗೆ ಒಂದು ವಿಂಡೋಸ್ ಎಕ್ಸ್‌ಪಿಯನ್ನು ಜೀವಂತವಾಗಿ ಇಟ್ಟುಕೊಂಡವರಿಗೆ ಕಂಪ್ಯೂಟರ್ ಫಾರ್ಮ್ಯಾಟ್ ಆಯಿತೆಂದರೆ ಎದೆ ಧಸಕ್ಕೆನ್ನುವುದು ಸಹಜ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ, ವಿಂಡೋಸ್ 11 ಹಾಕಿಸಿಕೊಳ್ಳುವ ಭರದಲ್ಲಿ ಈ ಪರಿಸ್ಥಿತಿಗೆ ಸಿಲುಕುವವರೂ ಇದ್ದಾರೆ. ಆದರೆ ವರ್ಚುಯಲ್ ಮಷೀನ್ ಎಂಬುದು ಕೆಲವೇ ಫೈಲ್‌ಗಳಿರುವ ಒಂದು ಫೋಲ್ಡರ್ ಮಾತ್ರ. ಆ ಫೋಲ್ಡರ್ ಉಳಿದಿದ್ದರೆ ಮಷೀನ್ ಉಳಿದಂತೆಯೇ. ಉಳಿದ ಫೋಲ್ಡರನ್ನೂ ಆಮೇಲಿನ ಅವಸರದಲ್ಲಿ ಕೆಡಿಸಿಕೊಳ್ಳುವ ಸಾಧ್ಯತೆ ಇರುವುದರಿಂದ ಈ ಬರಹದ ಹೆಚ್ಚಿನ ಭಾಗ ಆ ಎಚ್ಚರಿಕೆಗೇ ಮೀಸಲಾಗಿದೆ.

ಮೊದಲು ಯಾವ ಡ್ರೈವ್ ಫಾರ್ಮ್ಯಾಟ್ ಆಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ವರ್ಚುಯಲ್‌ಬಾಕ್ಸ್ ತಾನಾಗಿ ಆರಿಸಿಕೊಳ್ಳುವ ಜಾಗ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನಲ್ಲಿ ನಿಮ್ಮ ಹೆಸರಿನಡಿ ಇರುವ ‘ವರ್ಚುಯಲ್‌ಬಾಕ್ಸ್ ವಿಎಂಎಸ್’ ಫೋಲ್ಡರ್. ಜಾಗ ಸಾಲದೆಂದು ಅದನ್ನು ಡಿ ಡ್ರೈವ್‌ಗೆ ಬದಲಾಯಿಸಿಕೊಂಡಿದ್ದು, ಸಿ ಮಾತ್ರ ಫಾರ್ಮ್ಯಾಟ್ ಆಗಿದ್ದರೆ ಫೈಲ್‌ಗಳು ಇದ್ದಲ್ಲೇ ಇರುತ್ತವೆ. ಡಿ ಡ್ರೈವ್‌ಗೆ ಬಿಟ್‌ಲಾಕರ್ ಎಂಬ ಬೀಗ (ಎನ್‌ಕ್ರಿಪ್ಷನ್) ಇದ್ದಲ್ಲಿ ಹೊಸ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿದೆಯೇ ನೋಡಿ. ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೆಯೇ ವಿಂಡೋಸ್ ಹಾಕಿದ್ದರೆ ಹಳೆಯ ಯೂಸರ್ಸ್ ಫೋಲ್ಡರ್ ‘ವಿಂಡೋಸ್ ಡಾಟ್ ಓಲ್ಡ್’ ಒಳಗೆ ಸಿಗುತ್ತದೆ. ವಿಂಡೋಸ್ ಇದನ್ನು ಕೆಲವು ದಿನಗಳ ನಂತರ ತಾನೇ ಅಳಿಸಿಹಾಕುವುದರಿಂದ ಅಂದೇ ಹೊರಗೆ ಕಾಪಿ ಮಾಡಿಕೊಳ್ಳುವುದು ಲೇಸು.

ಫೈಲ್‌ಗಳಿದ್ದ ಡ್ರೈವೇ ಫಾರ್ಮ್ಯಾಟ್ ಆಗಿದ್ದರೆ ಆ ಕಂಪ್ಯೂಟರನ್ನು ತಕ್ಷಣ ಆಫ್ ಮಾಡಿ, ಡಿಸ್ಕನ್ನು ಬಿಚ್ಚಿ ಮತ್ತೊಂದು ಕಂಪ್ಯೂಟರ್‌ಗೆ ಜೋಡಿಸಿ ನೋಡಬೇಕು. ಅದಕ್ಕೆ ಬೇಕಾದ ಯುಎಸ್‌ಬಿ ಕೇಬಲ್ ಅಥವಾ ಕೇಸ್ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದು ಕ್ವಿಕ್ ಫಾರ್ಮ್ಯಾಟ್ ಮಾತ್ರ ಆಗಿದ್ದರೆ, ಟೆಸ್ಟ್‌ಡಿಸ್ಕ್‌ನಂಥ ಉಚಿತ ತಂತ್ರಾಂಶದಿಂದ ಹಳೆಯ ಫೋಲ್ಡರ್‌ಗಳು ಸಿಗುವ ಸಾಧ್ಯತೆ ಉಂಟು. ಎಸ್‌ಎಸ್‌ಡಿಯಲ್ಲಿ ಆ ಭರವಸೆ ಕಡಿಮೆ, ಏಕೆಂದರೆ ಫಾರ್ಮ್ಯಾಟ್ ಮಾಡುವಾಗ ವಿಂಡೋಸ್ ಕಳುಹಿಸುವ ಟ್ರಿಮ್ ಆದೇಶದ ನಂತರ ಡಿಸ್ಕ್ ತನ್ನ ಹಳೆಯ ಮಾಹಿತಿಯನ್ನು ತಾನೇ ತೆರವು ಮಾಡಿಬಿಡುತ್ತದೆ. ಫೈಲ್‌ಗಳ ಗುರುತು ಹಿಡಿದು ಹುಡುಕುವ ಫೋಟೋರೆಕ್‌ನಂಥ ತಂತ್ರಾಂಶ ಫೋಟೋಗಳಿಗೆ ಒಳ್ಳೆಯದು. ಡಿಸ್ಕಿನುದ್ದಕ್ಕೂ ತುಂಡುತುಂಡಾಗಿ ಹರಡಿಕೊಂಡಿರುವ 40 ಜಿಬಿಯ ಫೈಲನ್ನು ಅದು ಇಡಿಯಾಗಿ ತಂದುಕೊಡುತ್ತದೆ ಎಂದು ನಂಬಿ ಕೂರಬಾರದು.

ಸಿಕ್ಕ ಫೋಲ್ಡರನ್ನು ತೆರೆಯುವ ಮೊದಲು ಇಡಿಯಾಗಿ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ, ಮುಂದಿನ ಪ್ರಯೋಗಗಳನ್ನೆಲ್ಲ ಆ ಕಾಪಿಯ ಮೇಲೆಯೇ ನಡೆಸಬೇಕು. ಫ್ಯಾಟ್32 ಮಾದರಿಯ ಪೆನ್ ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲವಾದ್ದರಿಂದ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರುವ ಡಿಸ್ಕ್ ಬೇಕು. ಮಧ್ಯದಲ್ಲಿ ಕರೆಂಟ್ ಹೋದರೂ ನಿಲ್ಲದಂತೆ ಯುಪಿಎಸ್ ಇದ್ದರೆ ಒಳ್ಳೆಯದು.

ಇನ್ನು ವರ್ಚುಯಲ್‌ಬಾಕ್ಸನ್ನು ಇನ್‌ಸ್ಟಾಲ್ ಮಾಡಿ ತೆರೆದಾಗ ಕೈ ತಾನಾಗಿ ‘ನ್ಯೂ’ ಗುಂಡಿಯತ್ತ ಹೋಗುತ್ತದೆ. ಅದನ್ನು ಒತ್ತಬೇಡಿ. ಮಷೀನ್ ಮೆನುವಿನಲ್ಲಿರುವ ‘ಆ್ಯಡ್’ ಆರಿಸಿ, ಕಾಪಿ ಮಾಡಿದ ಫೋಲ್ಡರ್‌ನಲ್ಲಿರುವ ವಿಬಾಕ್ಸ್ ವಿಸ್ತರಣೆಯ ಫೈಲನ್ನು ತೋರಿಸಿದರೆ ಸಾಕು. ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲ ವಿವರಗಳೊಂದಿಗೆ ಹಳೆಯ ಮಷೀನ್ ಪಟ್ಟಿಯಲ್ಲಿ ಬಂದು ನಿಲ್ಲುತ್ತದೆ. ಡಿಸ್ಕ್ ಫೈಲ್ ಬೇರೆ ಡ್ರೈವ್‌ನಲ್ಲಿದ್ದರೆ ಅದರ ಪೂರ್ಣ ವಿಳಾಸ ಈ ಫೈಲ್‌ನಲ್ಲಿ ಬರೆದಿರುತ್ತದೆ. ಹೊಸ ವಿಂಡೋಸ್‌ನಲ್ಲಿ ಡ್ರೈವ್‌ನ ಅಕ್ಷರ ಡಿ ಹೋಗಿ ಇ ಆಗಿದ್ದರೆ ಡಿಸ್ಕ್ ಸಿಗಲಿಲ್ಲವೆಂಬ ದೋಷ ಬರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯ ಅಕ್ಷರವನ್ನೇ ಕೊಟ್ಟರೆ ಸರಿಹೋಗುತ್ತದೆ.

‘ನ್ಯೂ’ ಬೇಡವೆಂದದ್ದಕ್ಕೆ ಕಾರಣ ಸ್ನ್ಯಾಪ್‌ಶಾಟ್, ಅಂದರೆ ಬೇಕೆಂದಾಗ ಮರಳಲು ಮಷೀನಿನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸೌಲಭ್ಯ. ನೀವು ಮೊದಲ ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ, ಮಷೀನಿನ ಹಾರ್ಡ್ ಡಿಸ್ಕ್ ಆಗಿರುವ ಮುಖ್ಯ ವಿಡಿಐ ಫೈಲ್‌ಗೆ ಏನೂ ಬರೆಯಲಾಗುವುದಿಲ್ಲ. ಆಮೇಲಿನ ಬದಲಾವಣೆಗಳೆಲ್ಲ ‘ಸ್ನ್ಯಾಪ್‌ಶಾಟ್ಸ್’ ಫೋಲ್ಡರ್‌ನಲ್ಲಿ, ಪುಷ್ಪಾವರಣದೊಳಗೆ ಉದ್ದನೆಯ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ಇನ್ನೊಂದು ವಿಡಿಐ ಫೈಲ್‌ಗೆ ಹೋಗುತ್ತವೆ. ಎರಡು ವರ್ಷದ ಹಿಂದೆ ಸ್ನ್ಯಾಪ್‌ಶಾಟ್ ತೆಗೆದವರು ಹೊಸ ಮಷೀನ್ ಸೃಷ್ಟಿಸಿ ಮುಖ್ಯ ವಿಡಿಐಯನ್ನು ಅದಕ್ಕೆ ಜೋಡಿಸಿದರೆ ಎರಡು ವರ್ಷದ ಹಿಂದಿನ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ, ನಡುವಿನ ಕೆಲಸವೊಂದೂ ಕಾಣುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಹಾಗೆ ಬೂಟ್ ಆದ ವಿಂಡೋಸ್ ಮುಖ್ಯ ಫೈಲ್‌ಗೆ ಬರೆಯತೊಡಗುತ್ತದೆ. ಆ ಫೈಲ್‌ನ ಹಳೆಯ ಸ್ಥಿತಿಯನ್ನು ನಂಬಿಕೊಂಡಿದ್ದ ಬದಲಾವಣೆಯ ಫೈಲ್‌ಗಳು ಅದರೊಂದಿಗೆ ತಾಳೆಯಾಗದೆ ಕೆಲಸಕ್ಕೆ ಬಾರದಂತಾಗುತ್ತವೆ. ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ ಎಂದದ್ದು ಇದಕ್ಕಾಗಿಯೇ.

ವಿಬಾಕ್ಸ್ ಫೈಲ್ ಕಾಣೆಯಾಗಿದ್ದರೆ ಅದೇ ಫೋಲ್ಡರ್‌ನಲ್ಲಿ ‘ವಿಬಾಕ್ಸ್-ಪ್ರೆವ್’ ಎಂಬ ಹಿಂದಿನ ಪ್ರತಿ ಇದೆಯೇ ನೋಡಿ, ಹೆಸರು ಬದಲಿಸಿ ಬಳಸಬಹುದು. ಎರಡೂ ಇಲ್ಲದಿದ್ದಾಗ ಮಾತ್ರ ಸುತ್ತು ದಾರಿ ಹಿಡಿಯಬೇಕು. ವರ್ಚುಯಲ್ ಮೀಡಿಯಾ ಮ್ಯಾನೇಜರ್‌ನಲ್ಲಿ ಮೊದಲು ಮುಖ್ಯ ವಿಡಿಐಯನ್ನು, ಆಮೇಲೆ ಸ್ನ್ಯಾಪ್‌ಶಾಟ್ ಫೈಲ್‌ಗಳನ್ನು ಹಳೆಯದರಿಂದ ಹೊಸದಕ್ಕೆ ಕ್ರಮವಾಗಿ ಸೇರಿಸಬೇಕು. ಪ್ರತಿಯೊಂದು ಸ್ನ್ಯಾಪ್‌ಶಾಟ್ ಫೈಲ್ ತನ್ನ ತಾಯಿ ಫೈಲ್‌ನ ಗುರುತುಸಂಖ್ಯೆಯನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ ಸರಪಳಿ ಕೂಡಿಕೊಳ್ಳುತ್ತದೆ. ಕೊನೆಯ ಕೊಂಡಿಯನ್ನು, ಅಂದರೆ ಸಾಮಾನ್ಯವಾಗಿ ತೀರಾ ಈಚಿನ ದಿನಾಂಕ ಇರುವ ಫೈಲನ್ನು ಆರಿಸಿ ‘ಕಾಪಿ’ ಕೊಟ್ಟರೆ ಇಡೀ ಸರಪಳಿ ಕರಗಿ ಒಂದೇ ಸ್ವತಂತ್ರ ಡಿಸ್ಕ್ ತಯಾರಾಗುತ್ತದೆ, ಹೊಸ ಮಷೀನ್‌ಗೆ ಇದನ್ನೇ ಜೋಡಿಸಬೇಕು. ಎಕ್ಸ್‌ಪಿಯಾಗಿದ್ದರೆ, ಮಷೀನಿನ ಸ್ಟೋರೇಜ್ ಸೆಟ್ಟಿಂಗ್ಸ್‌ನಲ್ಲಿ ಡಿಸ್ಕನ್ನು ಸಾಟಾ ಕಂಟ್ರೋಲರ್ (ಡಿಸ್ಕ್ ಜೋಡಿಸುವ ಹೊಸ ಬಗೆ) ಬದಲು ಐಡಿಇ ಕಂಟ್ರೋಲರ್‌ನಡಿ (ಹಳೆಯ ಬಗೆ) ಇಡುವುದು ಮುಖ್ಯ. ಐಡಿಇ ಮೇಲೆ ಇನ್‌ಸ್ಟಾಲ್ ಆದ ಎಕ್ಸ್‌ಪಿಯಲ್ಲಿ ಸಾಟಾ ಡ್ರೈವರ್ ಇರುವುದಿಲ್ಲ. ನೀಲಿ ಪರದೆಯ ಮೇಲೆ 7ಬಿ ಎಂದು ಕೊನೆಯಾಗುವ ದೋಷಸಂಖ್ಯೆ ಬಂದರೆ ವಿಂಡೋಸ್ ಕೆಟ್ಟಿತೆಂದು ಭಾವಿಸದೆ ಕಂಟ್ರೋಲರ್ ಬದಲಿಸಿ ನೋಡಿ.

ವರ್ಚುಯಲ್‌ಬಾಕ್ಸ್ ಬದಲು ಅಂಥದ್ದೇ ತಂತ್ರಾಂಶವಾದ ವಿಎಂವೇರ್ ಬಳಸುವವರು ವಿಎಂಎಕ್ಸ್ ಫೈಲನ್ನು ತೆರೆದರಾಯಿತು. ಮಷೀನನ್ನು ಸ್ಥಳಾಂತರಿಸಿದಿರೋ ಕಾಪಿ ಮಾಡಿದಿರೋ ಎಂದು ಕೇಳಿದಾಗ ಸ್ಥಳಾಂತರಿಸಿದೆ ಎಂದರೆ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತುಸಂಖ್ಯೆ) ಬದಲಾಗುವುದಿಲ್ಲ. ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ‘ಇಂಪೋರ್ಟ್’ ಇದೆ, ಮಷೀನನ್ನು ನೆಟ್‌ವರ್ಕ್‌ಗೆ ಸೇರಿಸುವ ವರ್ಚುಯಲ್ ಸ್ವಿಚ್ಚನ್ನು ಮಾತ್ರ ಹೊಸದಾಗಿ ಮಾಡಿಕೊಳ್ಳಬೇಕು.

ಮೊದಲ ಬಾರಿ ಸ್ಟಾರ್ಟ್ ಮಾಡಿದಾಗ ವರ್ಚುಯಲೈಸೇಷನ್ ಇಲ್ಲವೆಂಬ ಸಂದೇಶ ಬಂದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ಅದನ್ನು ಆನ್ ಮಾಡಬೇಕು. ಮಷೀನನ್ನು ಶಟ್‌ಡೌನ್ ಮಾಡದೆ ‘ಸೇವ್ಡ್’ ಸ್ಥಿತಿಯಲ್ಲಿ ಬಿಟ್ಟಿದ್ದು ಈಗ ತೆರೆಯದಿದ್ದರೆ ಆ ಸ್ಥಿತಿಯನ್ನು ‘ಡಿಸ್ಕಾರ್ಡ್’ ಮಾಡಬೇಕಾಗುತ್ತದೆ. ಸೇವ್ ಮಾಡದೆ ತೆರೆದಿಟ್ಟ ಪುಟ ಹೋಗುತ್ತದೆ, ಡಿಸ್ಕಿನ ಮೇಲಿರುವುದು ಉಳಿಯುತ್ತದೆ. ಮಷೀನನ್ನು ನಿಮ್ಮ ನೆಟ್‌ವರ್ಕ್ ಕಾರ್ಡ್‌ನ ಮೂಲಕ ನೇರವಾಗಿ ನೆಟ್‌ವರ್ಕ್‌ಗೆ ಸೇರಿಸುವ ಬ್ರಿಜ್ಡ್ ವ್ಯವಸ್ಥೆ ಇದ್ದರೆ ಹೊಸ ಕಾರ್ಡ್‌ನ ಹೆಸರನ್ನು ಆರಿಸಿ, ಶೇರ್ಡ್ ಫೋಲ್ಡರ್‌ನ ವಿಳಾಸವನ್ನು ಸರಿಪಡಿಸಿ. ಎಲ್ಲ ಸರಿಯಿದೆಯೆಂದು ಕಂಡ ಮೇಲೆ ಮಷೀನನ್ನು ಪೂರ್ತಿ ಶಟ್‌ಡೌನ್ ಮಾಡಿ, ಆ ಫೋಲ್ಡರನ್ನೇ ಬೇರೆ ಡಿಸ್ಕ್‌ಗೆ ಬ್ಯಾಕಪ್ ತೆಗೆದುಕೊಳ್ಳಿ. ಇಡೀ ಮಷೀನನ್ನು ಒಂದೇ ಫೈಲಾಗಿಸುವ ಓವಿಎ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡುವುದೂ ಆಗುತ್ತದೆ, ಆದರೆ ಅದರಲ್ಲಿ ಈಗಿನ ಸ್ಥಿತಿಯಷ್ಟೇ ಹೋಗುತ್ತದೆ, ಸ್ನ್ಯಾಪ್‌ಶಾಟ್‌ಗಳು ಹೋಗುವುದಿಲ್ಲ.